ಹೊಲದಲ್ಲಿ ಆಸ್ಪತ್ರೆ ಕಟ್ಟಬೇಕೆ? ನಿವೃತ್ತ ವೈದ್ಯಾಧಿಕಾರಿಗಳಿಗೆ ಬಳಗದ ಪ್ರಶ್ನೆಗಳು

ಜೇವರ್ಗಿ ತಾಲ್ಲೂಕಿನ ಸದಸ್ಯರು: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ಹೆದ್ದಾರಿಗೆ ಹತ್ತಿಕೊಂಡು ನಮ್ಮದು ಐದು ಎಕರೆ ಎರೆ ಹೊಲವಿದೆ. ತಮ್ಮನ ಎಂ.ಎಸ್. (ಶಸ್ತ್ರಚಿಕಿತ್ಸೆ) ಓದು ಈ ವರ್ಷ ಮುಗಿಯುತ್ತದೆ. ಅಲ್ಲಿ ಮೂವತ್ತು ಹಾಸಿಗೆಯ ಆಸ್ಪತ್ರೆ ಕಟ್ಟಬೇಕೆಂಬುದು ಮನೆಯವರ ಆಸೆ. ಸಾಲಕ್ಕೆ ಹೊಲವನ್ನೇ ಅಡವಿಡುವ ಮಾತೂ ನಡೆದಿದೆ. 2020ರ ಅಕ್ಟೋಬರಿನಲ್ಲಿ ತಗ್ಗಿನ ಭಾಗಕ್ಕೆ ಭೀಮಾ ನದಿಯ ನೀರು ಬಂದಿತ್ತು. ಮುಂದುವರಿಯಬಹುದೇ?

ಸುರಪುರದ ಸದಸ್ಯರು: ಆಸ್ಪತ್ರೆಗೂ ಎನ್.ಎ. (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಬೇಕೇ ಸರ್?

ವೈದ್ಯಾಧಿಕಾರಿ: ಹೌದು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಪರಿವರ್ತನೆಯ ಆದೇಶ ಪಡೆಯಬೇಕು.

ಆಳಂದದ ಸದಸ್ಯರು: 2020ರ ತಿದ್ದುಪಡಿಯ ನಂತರ ಎನ್.ಎ. ಬೇಕಾಗಿಲ್ಲ ಎಂಬ ಸಂದೇಶ ಎಲ್ಲ ಕಡೆ ಬರುತ್ತಿದೆ. ಕೆಳಗೆ ಹಾಕಿದ್ದೇನೆ.

ವೈದ್ಯಾಧಿಕಾರಿ: ಆ ತಿದ್ದುಪಡಿ ಭೂ ಸುಧಾರಣಾ ಕಾಯ್ದೆಯದು. 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು ಮಾಡಿತು. ಕೊಂಡ ಹೊಲದಲ್ಲಿ ಆಸ್ಪತ್ರೆ ಕಟ್ಟಲು ಅದು ಪರವಾನಗಿಯಲ್ಲ. ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವ ಮೊದಲು ಒಮ್ಮೆ ಓದಿರಿ.

ಜೇವರ್ಗಿಯವರ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ಹೊಲವೂ ಹೋಗಿ ಆಸ್ಪತ್ರೆಯೂ ನಿಲ್ಲದಿರುವ ಅಪಾಯ ನನಗೆ ಕಾಣುತ್ತಿದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ವೈಶಾಖದಲ್ಲಿ ನಿಮ್ಮ ಹೊಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುವುದನ್ನು ನೀವೇ ನೋಡಿರುತ್ತೀರಿ. ಮನೆಯ ಗೋಡೆ ಸೀಳಿದರೆ ಸಿಮೆಂಟು ಮೆತ್ತಿ ಸುಮ್ಮನಿರಬಹುದು, ಆದರೆ ಆಪರೇಷನ್ ಥಿಯೇಟರಿನ ನೆಲ ಸೀಳಿದರೆ ಆ ಸಂದಿಯಲ್ಲಿ ರಕ್ತ, ತೇವ ಮತ್ತು ಧೂಳು ಸೇರಿ ಸೋಂಕಿಗೆ ದಾರಿಯಾಗುತ್ತದೆ. ಮಣ್ಣಿನ ಪರೀಕ್ಷೆ ಮಾಡಿಸಿ, ಎರೆ ಮಣ್ಣು ತೆಗೆದು ಗರಸು ತುಂಬುವುದೋ, ಆಳಕ್ಕೆ ಕಂಬ ಇಳಿಸುವ ಪೈಲ್ ಅಡಿಪಾಯ ಹಾಕುವುದೋ ಎಂದು ಎಂಜಿನಿಯರರು ಹೇಳಬೇಕು. ಆ ಖರ್ಚು ಸೇರಿಸದೆ ಕೊಟ್ಟ ಅಂದಾಜುಪಟ್ಟಿಯನ್ನು ನಂಬಬೇಡಿ. ನೀರು ಬಂದ ತಗ್ಗಿನಲ್ಲಿ ಏನನ್ನೂ ಕಟ್ಟಬೇಡಿ, ಜನರೇಟರ್ ಕೋಣೆಯನ್ನು ಕೂಡ.

ಇದಕ್ಕಿಂತ ದೊಡ್ಡ ಪ್ರಶ್ನೆ ರಾತ್ರಿಯದು. ತಮ್ಮ ಶಸ್ತ್ರಚಿಕಿತ್ಸಕರಾಗುತ್ತಾರೆ, ಸರಿ. ಅರಿವಳಿಕೆ ಕೊಡುವವರು ಯಾರು? ಅವರು ಕಲಬುರಗಿಯಲ್ಲಿದ್ದರೆ ರಾತ್ರಿ ಎರಡಕ್ಕೆ ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆ ದಾಟಿ ಬರಬೇಕು. ಅಷ್ಟು ಹೊತ್ತು ಕಾಯುವ ಬದಲು ರೋಗಿಯ ಕಡೆಯವರು ತಾವೇ ಗಾಡಿ ಮಾಡಿಕೊಂಡು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಹೋಗುತ್ತಾರೆ, ಎದೆನೋವಾದರೆ ನೇರವಾಗಿ ಅಲ್ಲಿನ ಜಯದೇವ ಹೃದ್ರೋಗ ಆಸ್ಪತ್ರೆಗೆ. ಹೀಗಾದರೆ ಹಾಸಿಗೆ ಖಾಲಿ ಉಳಿದು ಕಂತು ಮಾತ್ರ ಓಡುತ್ತದೆ. ಒಂದು ವರ್ಷ ಊರಿನಲ್ಲಿ ಬಾಡಿಗೆಯ ಕಟ್ಟಡದಲ್ಲಿ ಹೊರರೋಗಿ ವಿಭಾಗ ಮತ್ತು ಸಣ್ಣ ಶಸ್ತ್ರಚಿಕಿತ್ಸೆ ನಡೆಸಲಿ; ಎಷ್ಟು ಜನ ಬಂದರು, ಎಷ್ಟು ಜನರನ್ನು ಮುಂದಕ್ಕೆ ಕಳಿಸಬೇಕಾಯಿತು ಎಂದು ರಿಜಿಸ್ಟರಿನಲ್ಲಿ ಬರೆದಿಡಲಿ. ಬಾಡಿಗೆಯದಾದರೂ ಕೆ.ಪಿ.ಎಂ.ಇ. (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕೇ ಬೇಕು.

ಸುರಪುರದ ಸದಸ್ಯರು: ಸ್ವಂತ ಹೊಲವಾದರೂ ಎನ್.ಎ. ಬೇಕೇ ಸರ್?

ವೈದ್ಯಾಧಿಕಾರಿ: ಮೇಲೆ ಹೇಳಿದ್ದೇನೆ.

ಹುಮನಾಬಾದಿನ ಸದಸ್ಯರು: ಡಯಾಲಿಸಿಸ್ ಘಟಕಕ್ಕೆ ಕೊಳವೆಬಾವಿಯ ನೀರು ಆದೀತೇ?

ಆಳಂದದ ಸದಸ್ಯರು: ಆಸ್ಪತ್ರೆಯ ಕಸವನ್ನು ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರೆ ಖರ್ಚಿಲ್ಲವೆಂದು ಇನ್ನೊಂದು ಸಂದೇಶದಲ್ಲಿದೆ.

ವೈದ್ಯಾಧಿಕಾರಿ: ಮತ್ತೊಂದು ಸಂದೇಶ! 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ 75 ಕಿಲೋಮೀಟರಿನೊಳಗೆ ಸಾಮೂಹಿಕ ಸಂಸ್ಕರಣಾ ಘಟಕದ ಸೇವೆಯಿದ್ದರೆ ಸ್ವಂತ ವಿಲೇವಾರಿಗೆ ಅವಕಾಶವಿಲ್ಲ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮುಂದಿನ ವರ್ಷ ಅದೇ ಹೊಲ ಉಳುವಾಗ ಸೂಜಿ ಯಾರ ಕಾಲಿಗೆ ಚುಚ್ಚಬೇಕೆಂದು ಆ ಸಂದೇಶ ಬರೆದವರು ಹೇಳಲಿ.

ಬಸವಕಲ್ಯಾಣದ ಸದಸ್ಯರು: ಖಾಸಗಿ ಆಸ್ಪತ್ರೆ ಏಕೆ? ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾನದಂಡವಿದೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಅಭಿವೃದ್ಧಿ ಮಂಡಳಿಯ ಹಣವೂ ಇದೆ. ಹೊಲವನ್ನು ಸರ್ಕಾರಕ್ಕೆ ದಾನ ಕೊಡಿ.

ಅಫಜಲಪುರದ ಸದಸ್ಯರು: ದಾನ ಕೊಟ್ಟ ಮೇಲೆ ಡಾಕ್ಟರನ್ನು ನೀವು ಕರೆತರುವಿರಾ? ನಮ್ಮವರು ಇಂದಿಗೂ ಸೊಲ್ಲಾಪುರಕ್ಕೆ ಓಡುತ್ತಾರೆ.

ಬಸವಕಲ್ಯಾಣದ ಸದಸ್ಯರು: ಸೊಲ್ಲಾಪುರದ ಬಿಲ್ಲು ಕಟ್ಟುವವರಿಗೆ ಬಡವರ ಕಷ್ಟ ತಿಳಿಯುವುದಿಲ್ಲ.

ಅಫಜಲಪುರದ ಸದಸ್ಯರು: ಬಿಲ್ಲು ಕಟ್ಟಲು ತೊಗರಿ ಮಾರಿದವನು ನಾನು. ನಾಲಿಗೆ ಹಿಡಿದು ಮಾತನಾಡಿ.

ವೈದ್ಯಾಧಿಕಾರಿ: ಇಬ್ಬರೂ ಬೇರೆ ಕಡೆ ಜಗಳವಾಡಿ.

ಶಹಾಪುರದ ಸದಸ್ಯರು: ನಾವು ಕೊಳ್ಳಬೇಕೆಂದಿರುವ ಜಾಗ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರದಿಂದ ಮಂಜೂರಾದದ್ದು. ದರ ಬಹಳ ಕಡಿಮೆ ಇದೆ ಸರ್.

ವೈದ್ಯಾಧಿಕಾರಿ: ಕಡಿಮೆ ಇರುವುದು ಅದಕ್ಕೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಖರೀದಿ ಅಸಿಂಧು. ಕಟ್ಟಡ ಎದ್ದ ಮೇಲೂ ಜಮೀನು ಮೂಲ ಕುಟುಂಬಕ್ಕೆ ಮರಳಬಹುದು. ಮುಂಗಡ ಕೊಡಬೇಡಿ.

ಸುರಪುರದ ಸದಸ್ಯರು: ಎನ್.ಎ.ಗೆ ಎಷ್ಟು ದಿನ ಹಿಡಿಯುತ್ತದೆ?

ಜೇವರ್ಗಿ ತಾಲ್ಲೂಕಿನ ಸದಸ್ಯರು: ಸಾಹೇಬರೇ, ಶುಕ್ರವಾರ ಬ್ಯಾಂಕಿನಲ್ಲಿ ಅಡಮಾನಕ್ಕೆ ಸಹಿ ಇದೆ. ತಮ್ಮ ಬೆಂಗಳೂರಿನಿಂದ ಬರುತ್ತಿದ್ದಾನೆ.

ವೈದ್ಯಾಧಿಕಾರಿ: ಸಹಿ ಮುಂದೂಡಿ. ಬರುವಾಗ ಅರಿವಳಿಕೆ ತಜ್ಞರೊಬ್ಬರು ಜೇವರ್ಗಿಯಲ್ಲೇ ಇರಲು ಒಪ್ಪಿ ಬರೆದುಕೊಟ್ಟ ಕಾಗದವನ್ನು ತರಲು ತಮ್ಮನಿಗೆ ಹೇಳಿ. ಅದು ಸಿಗದಿದ್ದರೆ ಬ್ಯಾಂಕಿಗೆ ಹೋಗಲೇಬೇಡಿ.