ಹೈಸ್ಕೂಲ್ ಅಥ್ಲೆಟಿಕ್ಸ್ ತಂಡದ ಪ್ರಶಸ್ತಿಗಳು: ಲೆಕ್ಕ ಹೇಗೆ, ಕೋಚ್‌ಗಳಿಗೆ ಏನು?

ಕೆಂಪುಟ್ರ್ಯಾಕ್ ಕೇಳಿದ್ದು:

ಸೀಸನ್ ಮುಗಿಯಲು ಐದು ವಾರ ಇದೆ. ಹುಡುಗರು, ಹುಡುಗಿಯರು ಸೇರಿ 46 ಮಕ್ಕಳ ತಂಡ. ಓಟ, ಜಿಗಿತ, ಎಸೆತ ಎಲ್ಲವೂ ಇವೆ. ಮುಖ್ಯ ಕೋಚ್ ಒಬ್ಬರು, ಸಹಾಯಕರು ಇಬ್ಬರು, ಪ್ರತಿ ಕೂಟದಲ್ಲೂ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಸ್ವಯಂಸೇವಕರು ಕೆಲವರು. ಈಗಿನ ಪದ್ಧತಿಯಲ್ಲಿ ‘ಅತ್ಯುತ್ತಮ ಅಥ್ಲೀಟ್’ ಹೆಚ್ಚು ಅಂಕ ಗಳಿಸಿದವರಿಗೆ, ‘ಅತಿ ಹೆಚ್ಚು ಸುಧಾರಣೆ’ ಶೇಕಡಾವಾರು ಲೆಕ್ಕದ ಮೇಲೆ. ಮೊದಲನೆಯದು ಸದಾ ಸ್ಪ್ರಿಂಟರ್‌ಗಳ ಪಾಲು, ಎರಡನೆಯದು ಸದಾ ಎಸೆತದವರ ಪಾಲು. ಮಕ್ಕಳೇ ಗೊಣಗಲು ಶುರು ಮಾಡಿದ್ದಾರೆ. ಸರಿಪಡಿಸುವ ದಾರಿ ಏನು? ಕೋಚ್‌ಗಳಿಗೆ ಶಾಲು, ಹಾರ ಬಿಟ್ಟು ಬೇರೇನು ಕೊಡಬಹುದು?

ನಾಲ್ಕನೇಲೇನ್ ಉತ್ತರ:

ಮಕ್ಕಳು ಗೊಣಗುವುದರಲ್ಲಿ ನ್ಯಾಯ ಇದೆ. ತಪ್ಪು ಲೆಕ್ಕದ ವಿಧಾನದಲ್ಲೇ ಇದೆ.

ಮೊದಲು ಅಂಕಗಳ ವಿಷಯ. ಎಂಟು ಸ್ಥಾನಗಳಿಗೆ 10-8-6-5-4-3-2-1 ಕೊಡುವ ಕೂಟ ಎಂದುಕೊಳ್ಳಿ. ಒಬ್ಬ ಸ್ಪ್ರಿಂಟರ್ 100 ಮೀ.ನಲ್ಲಿ ಎರಡನೇ ಸ್ಥಾನ (8), 200 ಮೀ.ನಲ್ಲಿ ಮೂರನೇ ಸ್ಥಾನ (6), ಉದ್ದ ಜಿಗಿತದಲ್ಲಿ ಮೊದಲ ಸ್ಥಾನ (10), ಗೆದ್ದ ರಿಲೇಯಲ್ಲಿ ನಾಲ್ಕನೇ ಒಂದು ಪಾಲು (2.5) ಪಡೆದರೆ ಒಟ್ಟು 26.5. ಅದೇ ಕೂಟದಲ್ಲಿ 1500 ಮತ್ತು 3000 ಎರಡನ್ನೂ ಗೆದ್ದ ಹುಡುಗಿಗೆ ಬರೀ 20. ಅವಳು ಮೂರನೇ ಸ್ಪರ್ಧೆಗೆ ಇಳಿಯುವ ಸ್ಥಿತಿಯಲ್ಲೇ ಇರುವುದಿಲ್ಲ. ಪ್ರತಿ ಕೂಟದಿಂದ ಒಬ್ಬರ ಅತ್ಯುತ್ತಮ ಎರಡು ವೈಯಕ್ತಿಕ ಫಲಿತಾಂಶ ಮಾತ್ರ ತೆಗೆದುಕೊಳ್ಳಿ. ಆಗ ಸ್ಪ್ರಿಂಟರ್‌ಗೆ 18, ಅವಳಿಗೆ 20. ರಿಲೇಯನ್ನು ಈ ಲೆಕ್ಕದಿಂದ ಹೊರಗಿಟ್ಟು ನಾಲ್ವರಿಗೂ ಸೇರಿ ಬೇರೆಯೇ ಪ್ರಶಸ್ತಿ ಕೊಡಿ. ರಿಲೇಯ ಹೀಟ್ಸ್‌ನಲ್ಲಿ (ಅರ್ಹತಾ ಸುತ್ತಿನಲ್ಲಿ) ಮಾತ್ರ ಓಡಿ ಫೈನಲ್‌ನಲ್ಲಿ ಜಾಗ ಬಿಟ್ಟುಕೊಟ್ಟ ಐದನೆಯವರನ್ನು ಮರೆಯಬೇಡಿ. ಪಟ್ಟಿಯಿಂದ ಬಿಟ್ಟುಹೋಗುವುದು ಹೆಚ್ಚಾಗಿ ಅವರೇ.

ಸುಧಾರಣೆಯದು ಇನ್ನೂ ತೊಡಕಿನ ವಿಷಯ. ಗುಂಡೆಸೆತ 9.00 ಮೀ.ನಿಂದ 10.00ಕ್ಕೆ ಹೋದರೆ ಶೇ. 11. 100 ಮೀ. ಓಟ 12.40ರಿಂದ 12.10ಕ್ಕೆ ಇಳಿದರೆ ಶೇ. 2.4. 1500 ಮೀ. 4:50ರಿಂದ 4:35ಕ್ಕೆ ಇಳಿದರೆ ಶೇ. 5.2. ಮೂರೂ ಒಳ್ಳೆಯ ಸಾಧನೆಗಳೇ, ಆದರೆ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಸುಲಭದ ದಾರಿ ಎಂದರೆ ಸ್ಪ್ರಿಂಟ್ ಮತ್ತು ಹರ್ಡಲ್ಸ್, ಮಧ್ಯಮ ಮತ್ತು ದೂರದ ಓಟ, ಜಿಗಿತ, ಎಸೆತ ಎಂದು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಸುಧಾರಣೆ ಪ್ರಶಸ್ತಿ ಇಡುವುದು. ಒಂದೇ ಪ್ರಶಸ್ತಿ ಇರಲೇಬೇಕು ಎಂದರೆ ವರ್ಲ್ಡ್ ಅಥ್ಲೆಟಿಕ್ಸ್‌ನ (ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ಸ್ಕೋರಿಂಗ್ ಟೇಬಲ್, ಅಂದರೆ ಪ್ರತಿ ಸಾಧನೆಗೆ ಇಷ್ಟು ಅಂಕ ಎಂದು ಹೇಳುವ ಕೋಷ್ಟಕ ಬಳಸಿ, ಸೀಸನ್ ಆರಂಭದ ಮತ್ತು ಕೊನೆಯ ಸಾಧನೆಗಳ ಅಂಕ ಹುಡುಕಿ ವ್ಯತ್ಯಾಸ ನೋಡಿ. ಪುರುಷರಿಗೂ ಮಹಿಳೆಯರಿಗೂ ಅದರಲ್ಲಿ ಪ್ರತ್ಯೇಕ ಕೋಷ್ಟಕಗಳಿವೆ.

ಆರಂಭದ ಸಾಧನೆ ಯಾವುದು ಎನ್ನುವುದನ್ನು ಮೊದಲೇ ಬರೆದಿಡಿ. ಹಳಬರಿಗೆ ಕಳೆದ ಸೀಸನ್‌ನ ಅತ್ಯುತ್ತಮ, ಹೊಸಬರಿಗೆ ಮೊದಲ ಎರಡು ಕೂಟಗಳಲ್ಲಿ ಉತ್ತಮವಾದದ್ದು. ಬರೀ ಮೊದಲ ಕೂಟ ಹಿಡಿದರೆ ಜ್ವರದಲ್ಲಿ ಓಡಿದವರಿಗೋ, ಬೇಕೆಂದೇ ನಿಧಾನ ಓಡಿದವರಿಗೋ ಲಾಭ.

ಗಾಳಿಮಾಪಕ ಉತ್ತರ:

ಮೇಲಿನದ್ದಕ್ಕೆ ಮೂರು ಎಚ್ಚರಿಕೆ ಸೇರಿಸುತ್ತೇನೆ.

ಆ ಕೋಷ್ಟಕ ಸಿದ್ಧವಾಗಿರುವುದು ಹಿರಿಯರ ಸಲಕರಣೆಗೆ. ಪುರುಷರ ಗುಂಡು 7.26 ಕೆ.ಜಿ.; 18ರೊಳಗಿನ ಹುಡುಗರದ್ದು 5, 20ರೊಳಗಿನವರದ್ದು 6. 110 ಮೀ. ಹರ್ಡಲ್ಸ್‌ನ ಎತ್ತರವೂ ಹಾಗೆಯೇ, ಹಿರಿಯರಿಗೆ 106.7 ಸೆಂ.ಮೀ., 18ರೊಳಗಿನವರಿಗೆ 91.4. ಹಗುರ ಗುಂಡಿನ ದೂರವನ್ನು ನೇರವಾಗಿ ಕೋಷ್ಟಕಕ್ಕೆ ಹಾಕಿದರೆ ಅಂಕ ಸುಮ್ಮನೆ ಉಬ್ಬುತ್ತದೆ. ಸೀಸನ್ ನಡುವೆ ವಯೋಮಿತಿ ದಾಟಿ 5ರಿಂದ 6 ಕೆ.ಜಿ.ಗೆ ಹೋದವನ ದೂರ ಕಡಿಮೆಯಾಗಿದ್ದರೆ ಅದು ಹಿನ್ನಡೆಯಲ್ಲ, ಹೋಲಿಸಲು ಬರುವುದೇ ಇಲ್ಲ ಅಷ್ಟೆ.

ಎರಡನೆಯದು ಸಮಯ. ಸ್ಟಾಪ್‌ವಾಚ್‌ನಲ್ಲಿ ಕೈಯಿಂದ ಹಿಡಿದ ಸಮಯ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಬರುತ್ತದೆ. ಆರಂಭದ ಪಿಸ್ತೂಲಿನ ಹೊಗೆ ಕಂಡು ಗುಂಡಿ ಒತ್ತುವಷ್ಟರಲ್ಲಿ ಓಟ ಶುರುವಾಗಿರುತ್ತದೆ. ಎಲೆಕ್ಟ್ರಾನಿಕ್ ಸಮಯದೊಂದಿಗೆ ಹೋಲಿಸಲು ಕೈಲೆಕ್ಕಕ್ಕೆ 100 ಮತ್ತು 200ರಲ್ಲಿ 0.24 ಸೆಕೆಂಡ್, 400ರಲ್ಲಿ 0.14 ಸೇರಿಸುವುದು ರೂಢಿ. ಮೊದಲ ಕೂಟದಲ್ಲಿ ಕೈಲೆಕ್ಕ 12.3, ಕೊನೆಯಲ್ಲಿ ಎಲೆಕ್ಟ್ರಾನಿಕ್ 12.40 ಬಂದರೆ ಹುಡುಗ ನಿಧಾನವಾದಂತೆ ಕಾಣುತ್ತಾನೆ. ನಿಜದಲ್ಲಿ 12.54ರಿಂದ 12.40ಕ್ಕೆ ಬಂದಿದ್ದಾನೆ. ಫಲಿತಾಂಶದ ಹಾಳೆಯಲ್ಲಿ ಪ್ರತಿ ಸಮಯದ ಪಕ್ಕ ‘ಕೈ’ ಅಥವಾ ‘ಎಲೆ’ ಎಂದು ಬರೆಯದೇ ಇದ್ದರೆ ವರ್ಷಾಂತ್ಯದಲ್ಲಿ ಇದನ್ನು ಬಿಡಿಸುವುದು ಅಸಾಧ್ಯ.

ಮೂರನೆಯದು ಗಾಳಿ. 100, 200, ನೇರ ಹರ್ಡಲ್ಸ್, ಉದ್ದ ಜಿಗಿತ, ತ್ರಿವಿಧ ಜಿಗಿತಗಳಲ್ಲಿ ಹಿಂಗಾಳಿ ಸೆಕೆಂಡಿಗೆ 2.0 ಮೀ. ದಾಟಿದರೆ ಶಾಲೆಯ ದಾಖಲೆ ಎಂದು ಫಲಕದ ಮೇಲೆ ಕೆತ್ತಿಸಬೇಡಿ. ಮಾಪಕವೇ ಇಲ್ಲದ ಕೂಟವಾದರೆ ಸುಧಾರಣೆ ಲೆಕ್ಕಕ್ಕೆ ಇರಲಿ, ದಾಖಲೆಗೆ ಬೇಡ.

ಕೆಂಪುಟ್ರ್ಯಾಕ್:

ಗುಂಪು ಮಾಡುವುದೇ ಸರಿ ಅನ್ನಿಸುತ್ತಿದೆ. ತಂಡದ ಮತದಾನದಿಂದ ಒಂದು ಪ್ರಶಸ್ತಿ ಕೊಟ್ಟರೆ? ಮತ್ತೆ ಕೋಚ್‌ಗಳ ವಿಷಯ ಹಾಗೇ ಉಳಿಯಿತು.

ಬ್ಯಾಟನ್‌ಬದಲು ಉತ್ತರ:

ಮತದಾನ ಇರಲಿ, ಆದರೆ ‘ನಿಮ್ಮ ನೆಚ್ಚಿನವರು ಯಾರು’ ಎಂದು ಕೇಳಿದರೆ ಅದು ಜನಪ್ರಿಯತೆಯ ಚುನಾವಣೆ ಆಗುತ್ತದೆ. ‘ನಿಮ್ಮ ಗುಂಪಿನ ಹೊರಗೆ, ಯಾರ ಅಭ್ಯಾಸ ನೋಡಿ ನೀವು ಹೆಚ್ಚು ದುಡಿದಿರಿ?’ ಎಂದು ಕೇಳಿ. ಮೂರು ಹೆಸರು, 3-2-1 ಅಂಕ, ಗುಪ್ತ ಚೀಟಿ. ಗುಂಪಿನ ಹೊರಗೆ ಎಂಬ ಷರತ್ತಿಲ್ಲದಿದ್ದರೆ ಸಂಖ್ಯೆಯಲ್ಲಿ ದೊಡ್ಡದಾದ ಸ್ಪ್ರಿಂಟ್ ಗುಂಪೇ ಗೆಲ್ಲುತ್ತದೆ. ಸಮ ಬಂದರೆ ಇಬ್ಬರಿಗೂ ಕೊಡಿ. ಇದನ್ನೂ ಮೊದಲೇ ಪ್ರಕಟಿಸಿ.

ಕೋಚ್‌ಗಳಿಗೆ ಫಲಿತಾಂಶ ನೋಡಿ ಪ್ರಶಸ್ತಿ ಬೇಡ. ಎಸೆತಕ್ಕೆ ನಾಲ್ವರೇ ಮಕ್ಕಳಿದ್ದರೆ ಆ ಕೋಚ್‌ಗೆ ಪದಕಗಳ ಪಟ್ಟಿ ಎಲ್ಲಿಂದ ಬರಬೇಕು? ಮಕ್ಕಳು ಸಹಿ ಮಾಡಿದ ರಿಲೇ ಬ್ಯಾಟನ್ ಒಳ್ಳೆಯ ಕೊಡುಗೆ. ಅದರ ಉದ್ದ 28ರಿಂದ 30 ಸೆಂ.ಮೀ., ಸುತ್ತಳತೆ 12ರಿಂದ 13. ಉದ್ದಕ್ಕೆ ಸಾಲು ಮಾಡಿ ಬರೆದರೆ ಇಪ್ಪತ್ತು, ಇಪ್ಪತ್ತೈದು ಸಹಿ ಹಿಡಿಸುತ್ತದೆ, 46 ಹಿಡಿಸುವುದಿಲ್ಲ. ಹಾಗಾಗಿ ಪ್ರತಿ ಕೋಚ್‌ಗೂ ಅವರ ಗುಂಪಿನ ಮಕ್ಕಳ ಸಹಿ ಮಾತ್ರ. ಮಾಮೂಲಿ ಪರ್ಮನೆಂಟ್ ಮಾರ್ಕರ್ ಅಲ್ಯೂಮಿನಿಯಂ ಮೇಲೆ ಉಜ್ಜಿದರೆ ಹೋಗುತ್ತದೆ, ಮೇಲೆ ವಾರ್ನಿಶ್ ಹೊಡೆದರೆ ಕದಡುತ್ತದೆ. ಮೊದಲು ಸ್ಪಿರಿಟ್‌ನಿಂದ ಜಿಡ್ಡು ಒರೆಸಿ, ಎಣ್ಣೆ ಆಧಾರಿತ ಪೇಂಟ್ ಪೆನ್‌ನಲ್ಲಿ ಬರೆಸಿ, ಒಂದು ದಿನ ಒಣಗಿಸಿ, ಆಮೇಲೆ ಪಾರದರ್ಶಕ ಸ್ಪ್ರೇಯನ್ನು ದೂರದಿಂದ ಎರಡು ಮೂರು ಸಲ ತೆಳುವಾಗಿ ಹೊಡೆಯಿರಿ. ಬ್ರಷ್ ಮುಟ್ಟಿಸಬೇಡಿ.

ಸ್ವಯಂಸೇವಕರಿಗೆ ಅವರು ಸಮಯ ಹಿಡಿದ ಕೂಟಗಳ ಪಟ್ಟಿ ಇರುವ ಪ್ರಮಾಣಪತ್ರ ಸಾಕು. ‘ಅಮೂಲ್ಯ ಸೇವೆ’ ಎಂಬ ಮಾತಿಗಿಂತ ಆ ಪಟ್ಟಿಗೇ ಬೆಲೆ ಹೆಚ್ಚು.

ಕೆತ್ತನೆಗೆ ಮೂರು ವಾರ ಇಟ್ಟುಕೊಳ್ಳಿ. ಹೆಸರುಗಳನ್ನು ಹಾಜರಿ ಪುಸ್ತಕದಿಂದ ನಕಲು ಮಾಡದೆ ಮಕ್ಕಳಿಂದಲೇ ಬರೆಸಿಕೊಂಡು, ಅವರಿಗೇ ತೋರಿಸಿ ಸರಿ ಎನ್ನಿಸಿಕೊಳ್ಳಿ. ಕನ್ನಡದಲ್ಲಿ ಕೆತ್ತಿಸುವುದಾದರೆ ಬರೀ ಪಠ್ಯ ಕಳಿಸಬೇಡಿ. ಕೆತ್ತುವವರ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿದ ಪಿಡಿಎಫ್ ಕಳಿಸಿ, ಒಂದು ಫಲಕದ ಮಾದರಿ ಫೋಟೋ ನೋಡಿದ ಮೇಲೆ ಉಳಿದವಕ್ಕೆ ಒಪ್ಪಿಗೆ ಕೊಡಿ. ಕೊನೆಯ ಕೂಟದ ನಂತರವಷ್ಟೇ ತೀರ್ಮಾನವಾಗುವ ಪ್ರಶಸ್ತಿಗಳಿಗೆ ಫಲಕವನ್ನು ಹೆಸರಿಲ್ಲದೆ ಮಾಡಿಸಿ, ಹೆಸರಿನ ಲೋಹದ ಪಟ್ಟಿಯನ್ನು ಆಮೇಲೆ ಅಂಟಿಸಿ.