ಕ್ಯಾಟ್ಸ್ (2019) ಸಿನಿಮಾದಲ್ಲಿ ನಿಮಗೆ ನಿಜವಾಗ್ಲೂ ಇಷ್ಟ ಆಗಿದ್ದು ಏನಾದ್ರೂ ಇದ್ಯಾ?

ನೀಲಿಹೂ_ಮೈಸೂರು

ಎಲ್ರಿಗೂ ನಮಸ್ಕಾರ. 2019ರಲ್ಲಿ ಬಂದ ಕ್ಯಾಟ್ಸ್ ಅನ್ನೋ ಇಂಗ್ಲಿಷ್ ಮ್ಯೂಸಿಕಲ್ ನೆನಪಿದ್ಯಾ, ಟಾಮ್ ಹೂಪರ್ ಮಾಡಿದ್ದು, ನಟರ ಮೈಗೆಲ್ಲ ಕಂಪ್ಯೂಟರಲ್ಲಿ ಬೆಕ್ಕಿನ ತುಪ್ಪಳ ಹಾಕಿ ಮುಖ ಮಾತ್ರ ಮನುಷ್ಯರದ್ದೇ ಬಿಟ್ಟಿದ್ರಲ್ಲ, ಅದು. ಆ ವರ್ಷ ಜುಲೈನಲ್ಲಿ ಟ್ರೇಲರ್ ಬಂದಾಗ್ಲಿಂದ ಜನ ಆಡ್ಕೊಂಡಿದ್ದೇ ಆಡ್ಕೊಂಡಿದ್ದು, ನಮ್ಮ ಆಫೀಸ್ ಗ್ರೂಪಲ್ಲಿ ಒಂದು ವಾರ ಬರೀ ಅದರ ಮೀಮ್‌ಗಳೇ. ಡಿಸೆಂಬರ್‌ನಲ್ಲಿ ರಿಲೀಸ್ ಆದ್ಮೇಲೆ ಇನ್ನೂ ಜೋರಾಯ್ತು, ಕೆಟ್ಟ ಸಿನಿಮಾಗಳಿಗೆ ಕೊಡೋ ರ್‍ಯಾಜಿ ಪ್ರಶಸ್ತೀನೂ ಆರು ಬಂತು. ಎಲ್ರೂ ಹೇಳ್ತಿದಾರಲ್ಲ ಅಂತ ನಾನೂ ಆ ಕಡೆ ತಿರುಗಿ ನೋಡಿರ್ಲಿಲ್ಲ.

ಹೋದ ದಸರಾ ರಜೇಲಿ ಮಗಳು, 9 ವರ್ಷ ಅವಳಿಗೆ, ಪೋಸ್ಟರ್ ನೋಡಿ ಬೆಕ್ಕಿದೆ ಹಾಕು ಹಾಕು ಅಂತ ಹಟ ಮಾಡಿದ್ಲು, ಹಾಕ್ದೆ. ಮೊದಲ ಹತ್ತು ನಿಮಿಷ ನಂಗೆ ಕಸಿವಿಸಿ ಆಗಿದ್ದು ನಿಜ. ಆಮೇಲೆ ಆ ರೈಲ್ವೆ ಬೆಕ್ಕು ಬಂತು ನೋಡಿ, ಸ್ಕಿಂಬಲ್‌ಶ್ಯಾಂಕ್ಸ್. ಕೆಂಪು ಪ್ಯಾಂಟು, ಹೆಗಲ ಮೇಲೆ ಪಟ್ಟಿ, ದಪ್ಪ ಮೀಸೆ, ಕಾಲಲ್ಲಿ ಟ್ಯಾಪ್ ಶೂಸು, ಅದೇ ಟಕಟಕ ಅನ್ಲಿ ಅಂತ ಅಡಿಗೆ ಲೋಹದ ತುಂಡು ಹಾಕಿರ್ತಾರಲ್ಲ ಅದು. ರಾತ್ರಿ ಹೊರಡೋ ಮೇಲ್ ಗಾಡೀಲಿ ಎಲ್ಲಾ ಸರಿಯಾಗಿದ್ಯಾ, ಯಾರ ಬರ್ತು ಎಲ್ಲಿ, ಗಾರ್ಡ್ ಎದ್ದಿದಾನಾ ಅಂತ ನೋಡ್ಕೊಳ್ಳೋ ಬೆಕ್ಕು ಅದು. ಅವನ ಕಾಲಿನ ಟಕಟಕ ಸದ್ದೇ ಹೋಗ್ತಾ ಹೋಗ್ತಾ ರೈಲಿನ ಸದ್ದು ಆಗ್ಬಿಡತ್ತೆ, ಉಳಿದ ಬೆಕ್ಕುಗಳೆಲ್ಲ ಸಾಲಾಗಿ ಹಳಿ ಮೇಲೆ ಅವನ ಹಿಂದೆ ಹೆಜ್ಜೆ ಹಾಕ್ಕೊಂಡು ಹೊರಡತ್ವೆ. ನಾನು ಅರಸೀಕೆರೇಲಿ ಬೆಳೆದೋಳು, ಮನೆಗೂ ಸ್ಟೇಷನ್ನಿಗೂ ಎರಡೇ ರಸ್ತೆ, ರಾತ್ರಿ ಮಲಗಿದ್ರೆ ಗಾಡಿ ಸದ್ದು ಕೇಳ್ಕೊಂಡೇ ನಿದ್ದೆ ಬರ್ತಿತ್ತು, ಈ ಹಾಡು ನೋಡ್ತಾ ನಂಗೆ ಗಂಟಲು ಕಟ್ಟಿ ಬಂತು.

ಮಗಳು ಆ ಒಂದು ಹಾಡನ್ನೇ ಎಷ್ಟು ಸಲ ಹಾಕ್ಸಿದ್ಲೋ ಲೆಕ್ಕ ಇಲ್ಲ. ಮಾರನೇ ದಿನ ನೋಡ್ತೀನಿ, ಹಳೇ ಸ್ಕೂಲ್ ಶೂಸಿನ ಅಡಿಗೆ ಫೆವಿಕ್ವಿಕ್ ಹಾಕಿ ಎರಡು ರೂಪಾಯಿ ನಾಣ್ಯ ಅಂಟಿಸ್ಕೊಂಡು ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಟಕ್ ಟಕ್ ಅಂತ ಪ್ರಾಕ್ಟೀಸು.

ಶುರೂಲಿ ಬರೋ ಹೆಸರಿನ ಹಾಡೂ ಇಷ್ಟ ಆಯ್ತು. ಪ್ರತಿ ಬೆಕ್ಕಿಗೂ ಮೂರು ಹೆಸರಂತೆ, ಮನೇವ್ರು ಕರೆಯೋದೊಂದು, ಇನ್ಯಾವ ಬೆಕ್ಕಿಗೂ ಇಲ್ಲದ ಗತ್ತಿನ ಹೆಸರೊಂದು, ಮೂರನೇದು ಆ ಬೆಕ್ಕಿಗೆ ಮಾತ್ರ ಗೊತ್ತಿರೋದು. ನಾಮಕರಣದ ದಿನ ಮಗೂ ಕಿವೀಲಿ ಹೆಸರು ಉಸುರ್ತೀವಲ್ಲ, ನಂಗೆ ಅದೇ ನೆನಪಾಯ್ತು.

ಅದಕ್ಕೇ ಕೇಳ್ತಿದೀನಿ, ಈ ಸಿನಿಮಾದಲ್ಲಿ ನಿಮಗೆ ಮನಸ್ಸಿಗೆ ಹಿಡಿಸಿದ್ದು ಏನು? ಕಾಲೆಳೆಯೋಕೆ ಬೇರೆ ಜಾಗ ಬೇಕಾದಷ್ಟಿದೆ, ಇಲ್ಲಿ ಇಷ್ಟ ಆಗಿದ್ದು ಹೇಳಿ. ಆ ರೈಲ್ವೆ ಬೆಕ್ಕು ಮಾಡಿದೋರು ಯಾರು ಅಂತಾನೂ ಗೊತ್ತಿದ್ರೆ ತಿಳ್ಸಿ, ಮಗಳು ದಿನಾ ಕೇಳ್ತಾಳೆ.

ಪಡುಕಡಲು

ಮೇಡಂ, ಒಳ್ಳೆ ಪ್ರಶ್ನೆ. ನಾನು ಉಡುಪಿ ಕಡೆಯವ, ಈ ಸಿನಿಮಾ ನೋಡುವಾಗ ನನಗೆ ಜನ ಯಾಕೆ ಅಷ್ಟು ಬೊಬ್ಬೆ ಹೊಡೆದದ್ದು ಅಂತಲೇ ಅರ್ಥ ಆಗ್ಲಿಲ್ಲ ಮಾರಾಯ್ರೆ. ಎರಡು ದೂರು ಇದ್ದದ್ದು. ಒಂದು, ಕಥೆ ಇಲ್ಲ, ಬರೀ ಒಂದೊಂದೇ ಬೆಕ್ಕು ಬರ್ತದೆ, ನಾನು ಇಂಥವ ಅಂತ ಹಾಡ್ತದೆ, ಹೋಗ್ತದೆ. ಯಕ್ಷಗಾನದ ಒಡ್ಡೋಲಗ ನೋಡಿ ಬೆಳೆದವರಿಗೆ ಇದೊಂದು ದೂರಾ? ಒಂದು ವೇಷ ರಂಗಕ್ಕೆ ಬಂದು ತನ್ನ ಗತ್ತು, ತನ್ನ ಹೆಜ್ಜೆ, ತನ್ನ ನಡೆ ತೋರಿಸಿ ನಿಲ್ಲುವುದನ್ನೇ ನೋಡ್ಲಿಕ್ಕೆ ನಾವು ರಾತ್ರಿ ನಿದ್ದೆ ಬಿಟ್ಟು ಕೂರುದಿಲ್ವಾ. ಕಳ್ಳ ಬೆಕ್ಕಿಗೆ ಒಂದು ತಾಳ, ಹೊಟ್ಟೆಬಾಕ ಬೆಕ್ಕಿಗೆ ಇನ್ನೊಂದು, ರೈಲಿನವನಿಗೆ ಮತ್ತೊಂದು. ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್ 1939ರಲ್ಲಿ ಮಕ್ಕಳಿಗೆ ಅಂತ ಬೆಕ್ಕುಗಳ ಪದ್ಯದ ಪುಸ್ತಕ ತಂದದ್ದು, ಒಂದೊಂದು ಪದ್ಯದಲ್ಲಿ ಒಂದೊಂದು ಬೆಕ್ಕು. ಅದನ್ನು ಆಂಡ್ರ್ಯೂ ಲಾಯ್ಡ್ ವೆಬ್ಬರ್ ರಾಗಕ್ಕೆ ಹಾಕಿ 1981ರಲ್ಲಿ ಲಂಡನ್ನಿನಲ್ಲಿ ನಾಟಕ ಮಾಡಿದ್ರು, ಅದು 21 ವರ್ಷ ಒಂದೇ ಥಿಯೇಟರಿನಲ್ಲಿ ಓಡಿದೆ. ಆಗ ಕೂಡ ಕಥೆ ಇಷ್ಟೇ ಇದ್ದದ್ದು.

ಎರಡನೇ ದೂರು, ಮನುಷ್ಯನೂ ಅಲ್ಲ ಬೆಕ್ಕೂ ಅಲ್ಲ, ನೋಡ್ಲಿಕ್ಕೆ ಹೆದರಿಕೆ ಆಗ್ತದೆ ಅಂತ. ನಮ್ಮಲ್ಲಿ ಅಷ್ಟಮಿಗೆ, ನವರಾತ್ರಿಗೆ ಹುಲಿವೇಷ ಉಂಟಲ್ಲ. ಬಣ್ಣ ಒಣಗುವ ತನಕ ಹುಡುಗರು ಎರಡೂ ಕೈ ಅಗಲಿಸಿ ಕೋಲು ಹಿಡ್ಕೊಂಡು ಗಂಟೆಗಟ್ಟಲೆ ನಿಲ್ಬೇಕು, ಕೆಲವು ತಂಡದವರು ಮೈಗೆ ಕುರಿ ಉಣ್ಣೆ ಸಹ ಅಂಟಿಸ್ತಾರೆ, ತುಪ್ಪಳದ ಹಾಗೆ ಕಾಣ್ಲಿಕ್ಕೆ. ತಾಸೆ ಪೆಟ್ಟು ಬಿದ್ದ ಕೂಡ್ಲೇ ಆ ಹುಡುಗನ ಬೆನ್ನು ಬಗ್ಗುವ ರೀತಿಯೇ ಬೇರೆ ಆಗ್ತದೆ. ಅವನ ಕಾಲಲ್ಲಿ ಐದು ಬೆರಳು ಕಾಣ್ತದೆ, ಹುಲಿಗೆ ಹಾಗೆ ಇರ್ತದಾ ಅಂತ ಯಾರೂ ಕೇಳುದಿಲ್ಲ. ನಾನು ಕ್ಯಾಟ್ಸ್ ನೋಡುವಾಗ ಕಣ್ಣನ್ನು ಅವರ ಬೆನ್ನು, ಕುತ್ತಿಗೆ ಮೇಲೆ ಇಟ್ಟು ನೋಡಿದೆ. ಆ ಬಿಳಿ ಬೆಕ್ಕು ವಿಕ್ಟೋರಿಯಾ ಚೀಲದಿಂದ ಹೊರಗೆ ಬಂದು ಮೊದಲ ಸಲ ತಲೆ ಎತ್ತಿ ಸುತ್ತ ನೋಡುದುಂಟಲ್ಲ, ಅಲ್ಲಿ ಭುಜ ಮೊದಲು ತಿರುಗ್ತದೆ, ಮುಖ ಆಮೇಲೆ. ನಮ್ಮ ಮನೆಯ ಬೆಕ್ಕು ಹಟ್ಟಿಯಲ್ಲಿ ಹೊಸಬರನ್ನು ಕಂಡ್ರೆ ಹಾಗೇ ಮಾಡುದು.

ತಟ್ಟುಮೆಟ್ಟು

ನೀಲಿಹೂ ಅವ್ರೇ, ರೈಲ್ವೆ ಬೆಕ್ಕು ಸ್ಟೀವನ್ ಮೆಕ್‌ರೇ. ಆಸ್ಟ್ರೇಲಿಯಾದೋರು, ಲಂಡನ್ನಿನ ರಾಯಲ್ ಬ್ಯಾಲೆ ಕಂಪನೀಲಿ ಪ್ರಿನ್ಸಿಪಲ್ ಡ್ಯಾನ್ಸರ್, ಅಂದ್ರೆ ಮುಖ್ಯ ನರ್ತಕ, ಟ್ಯಾಪ್ ಚಿಕ್ಕಂದಿನಿಂದ ಕಲ್ತಿದಾರೆ. ಪಡುಕಡಲು ಹೇಳಿದ ಬಿಳಿ ಬೆಕ್ಕು ಫ್ರಾನ್ಸೆಸ್ಕಾ ಹೇವರ್ಡ್, ನೈರೋಬೀಲಿ ಹುಟ್ಟಿದೋರು, ಅವರೂ ಅದೇ ಕಂಪನಿ ಪ್ರಿನ್ಸಿಪಲ್. ಮಂಕುಸ್ಟ್ರಾಪ್ ಅನ್ನೋ ಬೆಕ್ಕು ಮಾಡಿರೋ ರಾಬಿ ಫೇರ್‌ಚೈಲ್ಡ್ ನ್ಯೂಯಾರ್ಕ್ ಸಿಟಿ ಬ್ಯಾಲೇಲಿ ಇದ್ದೋರು. ಅವಳಿ ಜವಳಿ ಬೆಕ್ಕುಗಳು ಫ್ರಾನ್ಸಿನ ಲೆ ಟ್ವಿನ್ಸ್, ಹಿಪ್‌ಹಾಪ್‌ನವ್ರು. ಬ್ಯಾಲೆ, ಟ್ಯಾಪ್, ಹಿಪ್‌ಹಾಪ್ ಮೂರರಲ್ಲೂ ಈ ಮಟ್ಟದ ಜನ ಒಂದೇ ಸಿನಿಮಾದಲ್ಲಿ ಸೇರೋದು ಅಪರೂಪ ಕಣ್ರಿ, ಅದನ್ನ ಯಾರೂ ಹೇಳ್ಲೇ ಇಲ್ಲ ಅನ್ನೋದು ನಂಗೆ ಈಗ್ಲೂ ಸಂಕಟ.

ಒಂದು ಮಾತು. ಮೆಕ್‌ರೇ ಅವ್ರಿಗೆ 2019ರ ಅಕ್ಟೋಬರ್‌ನಲ್ಲಿ, ಅಂದ್ರೆ ಈ ಸಿನಿಮಾ ಬರೋಕೆ ಎರಡು ತಿಂಗಳು ಮುಂಚೆ, ಸ್ಟೇಜ್ ಮೇಲೆ ಕುಣೀತಿರುವಾಗ್ಲೇ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ ಹರೀತು. ವಾಪಸ್ ಸ್ಟೇಜಿಗೆ ಬರೋಕೆ 2021 ಆಯ್ತು. ಇದೇ ಸಿನಿಮಾದಲ್ಲಿ ಮುದಿ ಬೆಕ್ಕು ಡ್ಯೂಟರಾನಮಿ ಮಾಡಿರೋ ಜೂಡಿ ಡೆಂಚ್ ಇದಾರಲ್ಲ, ಅವರು 1981ರ ಮೂಲ ನಾಟಕದಲ್ಲೇ ಇರ್ಬೇಕಿತ್ತು, ರಿಹರ್ಸಲ್‌ನಲ್ಲಿ ಅವರದ್ದೂ ಅದೇ ಟೆಂಡನ್ ಹರಿದು ಬಿಡ್ಬೇಕಾಯ್ತು. 38 ವರ್ಷ ಆದ್ಮೇಲೆ ಅವರು ಆ ಬೆಕ್ಕುಗಳ ಮಧ್ಯೆ ಬಂದು ಕೂತಿದ್ದು ಈ ಸಿನಿಮಾದಲ್ಲಿ. ನಾನು 20 ವರ್ಷದಿಂದ ಭರತನಾಟ್ಯ ಹೇಳ್ಕೊಡ್ತಿದೀನಿ, ಹಿಮ್ಮಡಿ ನೋವು ಅಂತ ಮಗು ಬಂದ್ರೆ ನನ್ನೆದೆ ಧಸಕ್ ಅನ್ನತ್ತೆ, ಹಾಗಾಗಿ ಜೂಡಿ ಡೆಂಚ್ ಕೊನೇಲಿ ಸುಮ್ನೆ ಕೂತು ನಮ್ಮ ಕಡೆ ನೇರ ನೋಡ್ಕೊಂಡು ಹಾಡೋವಾಗ ನಾನು ಬೇರೇನೂ ಯೋಚ್ನೆ ಮಾಡ್ಲಿಲ್ಲ.

ಆದ್ರೆ ಎಲ್ಲಾನೂ ಹೊಗಳಕ್ಕಾಗಲ್ಲ. ಡ್ಯಾನ್ಸ್ ನಡೀತಿರುವಾಗ ಎಡಿಟಿಂಗ್ ಎಷ್ಟು ಕಡೆ ಕಟ್ ಮಾಡಿದಾರೆ ಅಂದ್ರೆ ಕಾಲು ಬೀಳೋ ಹೊತ್ತಿಗೆ ಮುಖದ ಕ್ಲೋಸಪ್ ಬರತ್ತೆ, ಜಿಗಿದೋರು ಎಲ್ಲಿ ಇಳಿದ್ರು ಅನ್ನೋದೇ ಕಾಣಲ್ಲ. ಕೊರಿಯಾಗ್ರಫಿ ಆಂಡಿ ಬ್ಲಾಂಕನ್‌ಬ್ಯೂಲರ್ ಅವ್ರದ್ದು, ಅವರು ಕಟ್ಟಿದ ಸಾಲುಗಳನ್ನ ಪೂರ್ತಿ ನೋಡೋ ಅವಕಾಶ ಸಿಗಲ್ಲ. ಜಿರಳೆ ತಿನ್ನೋ ಸೀನ್ ಬಂದಾಗ ನಾನು ಮುಂದಕ್ಕೆ ಓಡಿಸ್ತೀನಿ, ಅದನ್ನ ಸಮರ್ಥಿಸೋಕೆ ನನ್ನಿಂದಾಗಲ್ಲ.

ರಾತ್ರಿಪಾಳಿ_ರೋಟೋ

ನಾನು ಬೆಂಗಳೂರಲ್ಲಿ ರೋಟೋ ಆರ್ಟಿಸ್ಟ್, ಅಂದ್ರೆ ಗ್ರಾಫಿಕ್ಸ್ ಸೇರಿಸೋಕೆ ಅಂತ ಒಂದೊಂದೇ ಫ್ರೇಮಲ್ಲಿ ನಟರ ಅಂಚಿಗೆ ಗೆರೆ ಎಳೆದು ಬೇರೆ ಮಾಡೋ ಕೆಲಸ. ಈ ಸಿನಿಮಾಗೆ ಕೆಲಸ ಮಾಡಿಲ್ಲ, ಆದ್ರೆ ಈ ಕೆಲಸ ಏನು ಅಂತ ಗೊತ್ತು, ಅದಕ್ಕೆ ಬರೀತಿದೀನಿ. ಗ್ರಾಫಿಕ್ಸ್ ಕಳಪೆ ಅಂತ ಒಂದೇ ಪದದಲ್ಲಿ ಮುಗಿಸ್ತಾರೆ. ಮುಖ ನಿಜವಾದ್ದು, ಅದರ ಸುತ್ತ ತುಪ್ಪಳ ಕಂಪ್ಯೂಟರ್‌ದು ಅಂದ್ರೆ ಕೆನ್ನೆ ಮೇಲೆ ಎಲ್ಲಿ ಚರ್ಮ ಮುಗಿದು ಎಲ್ಲಿ ಕೂದಲು ಶುರುವಾಗತ್ತೋ ಆ ಗೆರೆ ಪ್ರತಿ ಫ್ರೇಮಲ್ಲೂ ಕೂತ್ಕೋಬೇಕು. ಅವರು ಹಾಡ್ತಿದಾರೆ, ಕುಣೀತಿದಾರೆ, ಉಸಿರು ಬಿಡ್ತಿದಾರೆ, ಕೆನ್ನೆ ಒಂದು ಕ್ಷಣ ಸುಮ್ನಿರಲ್ಲ. ಸೆಕೆಂಡಿಗೆ 24 ಫ್ರೇಮು, ಸಿನಿಮಾ 110 ನಿಮಿಷ, ಲೆಕ್ಕ ಹಾಕಿದ್ರೆ 1,58,400 ಫ್ರೇಮ್ ಗುರು, ಅದ್ರಲ್ಲಿ ಹೆಚ್ಚು ಕಡಿಮೆ ಎಲ್ಲಾದ್ರಲ್ಲೂ ಬೆಕ್ಕಿದೆ, ಎಷ್ಟೋ ಕಡೆ ಒಂದೇ ಶಾಟಲ್ಲಿ ಹತ್ತಿಪ್ಪತ್ತು. ಪ್ರೀಮಿಯರ್‌ಗೆ ಹಿಂದಿನ ದಿನದವರೆಗೂ ಕೆಲಸ ನಡೀತಿತ್ತು ಅಂತ ಡೈರೆಕ್ಟರೇ ಹೇಳಿದಾರೆ. ರಿಲೀಸ್ ಆದ್ಮೇಲೂ ಸರಿಮಾಡಿದ ಕಾಪಿ ಥಿಯೇಟರ್‌ಗಳಿಗೆ ಹೋಯ್ತು, ಯಾಕಂದ್ರೆ ಮೊದಲ ಕಾಪೀಲಿ ಒಂದು ಕಡೆ ಜೂಡಿ ಡೆಂಚ್ ಅವ್ರ ಬರೀ ಕೈ, ಉಂಗುರ ಸಮೇತ, ಹಾಗೇ ಉಳ್ಕೊಂಡಿತ್ತು. ಜನ ಅದನ್ನ ನೋಡಿ ನಕ್ರು. ನಂಗೆ ಆ ಕೈ ನೋಡಿದ್ರೆ ಬೆಳಗಿನ ಜಾವ ನಾಲ್ಕು ಗಂಟೇಲಿ ಮಾನಿಟರ್ ಮುಂದೆ ಕೂತಿರೋ ಒಬ್ಬ ಹುಡುಗ ಕಾಣ್ತಾನೆ.

2020ರ ಆಸ್ಕರ್ ಫಂಕ್ಷನಲ್ಲಿ ಇದೇ ಸಿನಿಮಾದ ಇಬ್ಬರು ನಟರು ಬೆಕ್ಕಿನ ಡ್ರೆಸ್ ಹಾಕ್ಕೊಂಡು ಬಂದು ವಿಷುವಲ್ ಎಫೆಕ್ಟ್ಸ್ ಮೇಲೆ ಜೋಕ್ ಹೊಡೆದ್ರು, ವಿಷುವಲ್ ಎಫೆಕ್ಟ್ಸ್ ಸೊಸೈಟಿಯವ್ರು ಇದು ಸರಿ ಅಲ್ಲ ಅಂತ ಆಗ್ಲೇ ಹೇಳಿಕೆ ಕೊಟ್ರು. ನಾನೂ ಒಂದು ಸಿನಿಮಾಗೆ ನಾಲ್ಕು ತಿಂಗಳು ಶನಿವಾರ ಭಾನುವಾರ ನೋಡ್ದೆ ದುಡಿದಿದೀನಿ, ಯಾವ ಸಿನಿಮಾ ಯಾವ ಕಂಪನಿ ಅಂತ ಬೇಡ, ಕೊನೇ ತಿಂಗಳು ಡಿಸೈನ್ ಬದಲಾಯಿಸಿದ್ರು, ಥಿಯೇಟರಲ್ಲಿ ನನ್ನ ಶಾಟ್ ಬಂದಾಗ ಹಿಂದಿನ ಸಾಲಿನೋರು ಜೋರಾಗಿ ನಕ್ಕಿದ್ದು ಇನ್ನೂ ಕಿವೀಲಿದೆ.

ನಂಗೆ ಇಷ್ಟ ಆಗಿದ್ದು ಕಿವಿ ಮತ್ತು ಬಾಲ. ಮುಂದೆ ಹಾಡ್ತಿರೋರನ್ನ ಬಿಟ್ಟು ಹಿಂದೆ ನಿಂತಿರೋ ಬೆಕ್ಕುಗಳ ಬಾಲ ನೋಡಿ ಒಂದ್ಸಲ. ಅದನ್ನ ಯಾರೂ ನಟಿಸಿಲ್ಲ, ಯಾರೋ ಕೂತು ಮಾಡಿದಾರೆ. ನೀವು ಮಗಳಿಗೂ ತೋರ್ಸಿ.

ಗಾಂಧಾರ_ಧಾರವಾಡ

ಅಕ್ಕಾರ, ಎಲ್ಲಾರೂ ಕುಣಿತದ ಮಾತ ಆಡಾಕತ್ತೀರಿ, ಹಾಡಿನ ಮಾತ ನಾ ಆಡ್ತೇನ್ರಿ. ಗ್ರಿಝಬೆಲ್ಲಾ ಅಂತ ಒಂದ ಬೆಕ್ಕ ಐತಲ್ಲ, ಒಂದ ಕಾಲದಾಗ ಭಾಳ ಚಂದ ಇದ್ದಾಕಿ, ಈಗ ಹರಕ ಕೋಟ ಹಾಕ್ಕೊಂಡು ಓಣ್ಯಾಗ ಒಬ್ಬಾಕಿನs ಅಡ್ಡಾಡ್ತಾಳ, ಯಾರೂ ಹತ್ರ ಕರ್ಯಂಗಿಲ್ಲ. ಎಲಿಯಟ್ ಸಾಹೇಬ್ರು ಈಕಿ ಮ್ಯಾಲ ಎಂಟ ಸಾಲ ಬರದಿದ್ರಂತ, ಹುಡುಗ್ರಿಗೆ ಇದು ಭಾಳ ದುಃಖ ಆಗತದ ಅಂತ ಪುಸ್ತಕದಾಗ ಹಾಕಲಿಲ್ಲ. ಅವ್ರು ತೀರಿಕೊಂಡ ಮ್ಯಾಲ ಅವರ ಹೆಂಡ್ತಿ ಆ ಹಾಳಿ ತಗದು ವೆಬ್ಬರ್ ಅವ್ರ ಕೈಯಾಗ ಕೊಟ್ರು. ಆ ಹಾಳಿ ಇರ್ಲಿಲ್ಲಂದ್ರ ಮೆಮೊರಿ ಅನ್ನೋ ಹಾಡs ಇರ್ತಿದ್ದಿಲ್ಲ.

ಸಿನಿಮಾದಾಗ ಅದನ್ನ ಜೆನಿಫರ್ ಹಡ್ಸನ್ ಹಾಡ್ಯಾಳ. ಇದರಾಗ ಸ್ಟುಡಿಯೋದಾಗ ಹಾಡಿ ಆಮ್ಯಾಲ ತುಟಿ ಅಲ್ಲಾಡಿಸೂದಿಲ್ರಿ, ಕ್ಯಾಮೆರಾ ಮುಂದನs ಹಾಡೂದು. ಅಕಿ ಅಳಾಕತ್ತಾಳ, ಮೂಗು ಸೋರತದ, ಒರಸ್ಕೊಳ್ಳಂಗಿಲ್ಲ. ಮಂದಿ ಅದಕ್ಕೂ ನಕ್ರು. ನಮ್ಮ ಗುರುಗಳು ಹೇಳ್ತಿದ್ರು, ಅಳಕೋತ ಹಾಡಿದ್ರ ಸುರ್ ಹೋಗತದ, ಅಳು ಒಳಗ ಇಟ್ಕೊಂಡು ಹಾಡಬೇಕು ಅಂತ. ಈಕಿ ಎರಡೂ ಮಾಡ್ಯಾಳ, ನಡುವ ದನಿ ಒಡದಂಗ ಆಗತದ, ಮತ್ತ ಶ್ರುತಿ ಬದಲಾಗಿ ಮ್ಯಾಲಿನ ಜಾಗಾಕ್ಕ ಹೋಗೂಮುಂದ ಒಂಚೂರೂ ಅಲಗಾಡಂಗಿಲ್ಲ. ಹೆಡ್‌ಫೋನ್ ಹಚ್ಚಿ ಕೇಳ್ರಿ, ಆ ಜಿಗಿತಕ್ಕ ಮದ್ಲ ಅಕಿ ಉಸಿರ ಎಳಕೊಳ್ಳೂದು ಕೇಳಿಸತದ.

ಇಯಾನ್ ಮೆಕೆಲನ್ ಅವ್ರದೂ ಅಷ್ಟs. ಗಸ್ ಅನ್ನೋ ಮುದಿ ನಾಟಕದ ಬೆಕ್ಕು, ಕೈ ನಡಗತಾವ, ತನ್ನ ಹಳೇ ಪಾರ್ಟ್ ನೆನಸ್ಕೋತಾನ. ಹಾಡು ಅರ್ಧ, ಮಾತು ಅರ್ಧ. ಕಂಪನಿ ನಾಟಕದಾಗ ಮುಪ್ಪಾದ ನಟರನ್ನ ನಾ ಸಣ್ಣಾಂವಿದ್ದಾಗ ನೋಡೇನಿ, ಚಹಾದಂಗಡ್ಯಾಗ ಕುಂತು ಒಂದ ಡೈಲಾಗ್ ಹೊಡದ್ರ ಬೆನ್ನ ತಾನs ನೆಟ್ಟಗ ಆಗ್ತಿತ್ತು. ಥೇಟ್ ಹಂಗ ಮಾಡ್ಯಾರ.

ನೀಲಿಹೂ_ಮೈಸೂರು

ಇಷ್ಟೊಂದು ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಗಾಂಧಾರ ಅವ್ರು ಹೇಳಿದ ಹಾಗೆ ಹೆಡ್‌ಫೋನ್ ಹಾಕ್ಕೊಂಡು ಮೆಮೊರಿ ಕೇಳ್ದೆ, ಆ ಉಸಿರು ಕೇಳಿಸ್ತು. ಮಗಳು ಬಾಲಗಳನ್ನ ನೋಡ್ತಾ ಕೂತಿದ್ಲು, ಯಾವ ಬೆಕ್ಕಿಗೆ ಯಾವಾಗ ಕೋಪ ಬರತ್ತೆ ಅಂತ ಬಾಲದಲ್ಲೇ ಹೇಳ್ತಾಳೆ ಈಗ. ಸ್ಟೀವನ್ ಮೆಕ್‌ರೇ ಹೆಸರು ನೋಟ್‌ಬುಕ್ಕಲ್ಲಿ ಬರ್ಕೊಂಡಿದಾಳೆ. ಕಾಲಿಗೆ ಏಟಾಗಿತ್ತು ಅಂದಾಗ ಈಗ ವಾಸಿ ಆಗಿದ್ಯಾ ಅಂತ ಎರಡು ಸಲ ಕೇಳಿದ್ಲು.

ಒಂದು ತೊಂದ್ರೆ, ಎಡಗಾಲಿನ ನಾಣ್ಯ ಬಿದ್ದೋಯ್ತು. ಒಂದೇ ಕಾಲಲ್ಲಿ ಸದ್ದು ಬರತ್ತೆ, ತಾಳ ಕುಂಟತ್ತೆ ಅಂತ ಅಳು. ಏನ್ಮಾಡ್ಲಿ?

ತಟ್ಟುಮೆಟ್ಟು

ಫೆವಿಕ್ವಿಕ್ ನಿಲ್ಲಲ್ಲ ಕಣ್ರಿ, ಅಲ್ದೆ ನಾಣ್ಯ ಜಾರತ್ತೆ, ಮಗು ಬಿದ್ರೆ ಕಷ್ಟ. ಚಪ್ಪಲಿ ರಿಪೇರಿ ಮಾಡೋರ ಹತ್ರ ತಗೊಂಡ್ಹೋಗಿ, ಲಾಳ ಹೊಡೀರಿ ಅಂದ್ರೆ ಗೊತ್ತಾಗತ್ತೆ, ಮೊದಲು ಪೊಲೀಸ್ ಬೂಟಿಗೆ ಹೊಡೀತಿದ್ರಲ್ಲ ಅದು. ಹಿಮ್ಮಡಿಗೆ ಒಂದು, ಮುಂದೆ ಬೆರಳ ಹತ್ರ ಒಂದು, ಮೊಳೆ ಒಳಗೆ ಚುಚ್ಚದ ಹಾಗೆ ನೋಡ್ಕೊಳ್ಳಿ. ಮತ್ತೆ ರೆಡ್ ಆಕ್ಸೈಡ್ ಮೇಲೆ ಬೇಡ, ನೆಲ ಹಾಳಾಗತ್ತೆ, ಅವಳ ಕಾಲಿಗೂ ಒಳ್ಳೇದಲ್ಲ, ಒಂದು ಪ್ಲೈವುಡ್ ಹಲಗೆ ಹಾಕ್ಕೊಡಿ.

ಬಿಡುವಾದಾಗ ಲಂಡನ್ನಿನ ಅಡೆಲ್ಫಿ ಥಿಯೇಟರಲ್ಲಿ ಶೂಟ್ ಮಾಡಿ 1998ರಲ್ಲಿ ಬಿಡುಗಡೆ ಮಾಡಿದ ನಾಟಕದ ವಿಡಿಯೋನೂ ಹುಡುಕಿ ತೋರ್ಸಿ. ಮೆಮೊರೀನ ಮೊದಲು ಸ್ಟೇಜ್ ಮೇಲೆ ಹಾಡಿದ ಎಲೇನ್ ಪೇಜ್ ಅವ್ರೇ ಅದರಲ್ಲಿದಾರೆ, ಜೂಡಿ ಡೆಂಚ್ ಬಿಟ್ಟ ಜಾಗಕ್ಕೆ ಬಂದೋರು.

ನೀಲಿಹೂ_ಮೈಸೂರು

ಲಾಳ ಹೊಡೆಸಿದ್ವಿ. ಅಂಗಡಿ ತಾತ ಯಾಕಮ್ಮ ಹುಡುಗಿ ಶೂಸಿಗೆ ಇದು ಅಂದ್ರು, ಇವಳು ಅಲ್ಲೇ ಫುಟ್‌ಪಾತ್ ಮೇಲೆ ಹಾಕ್ಕೊಂಡು ರೈಲ್ವೆ ಬೆಕ್ಕಿನ ಹೆಜ್ಜೆ ಮಾಡಿ ತೋರಿಸಿದ್ಲು. ತಾತ ಸುತ್ತಿಗೆ ಕೆಳಗಿಟ್ಟು ಪೂರ್ತಿ ನೋಡಿದ್ರು, ಆಮೇಲೆ ಬಲಗಾಲಿನ ಸದ್ದು ಸ್ವಲ್ಪ ಮಂಕಾಗಿದೆ ಕೊಡು ಅಂತ ಶೂ ಇಸ್ಕೊಂಡು ಇನ್ನೊಂದು ಮೊಳೆ ಹೊಡೆದ್ರು.