ಪದ ಬೇಕು, ಅರ್ಜೆಂಟ್: ರೀಬೌಂಡ್, ಟರ್ನೋವರ್, ಪ್ಲಸ್-ಮೈನಸ್ (ಬ್ಯಾಸ್ಕೆಟ್‌ಬಾಲ್ ಕೋಷ್ಟಕಕ್ಕೆ)

ಎಲ್ರಿಗೂ ನಮಸ್ಕಾರ. ಮಕ್ಕಳ ಪತ್ರಿಕೆಯೊಂದಕ್ಕೆ ಲೇಖನ ಅನುವಾದ ಮಾಡ್ತಿದೀನಿ, ನಾಳೆ ಬೆಳಗ್ಗೆ ಹತ್ತಕ್ಕೆ ಪುಟ ಪ್ರೆಸ್ಸಿಗೆ ಹೋಗತ್ತೆ. ಲೇಖನ ಸಲೀಸಾಗೇ ಆಯ್ತು, ಕೆಳಗಿರೋ ಕೋಷ್ಟಕದಲ್ಲಿ ಸಿಕ್ಕಾಕೊಂಡಿದೀನಿ. ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಎರಡು ಆಟಗಳ ಲೆಕ್ಕ ಅಕ್ಕಪಕ್ಕ ಕೊಟ್ಟಿದಾರೆ: 1962ರ ಮಾರ್ಚ್ 2ಕ್ಕೆ ಹರ್ಷಿ ಊರಲ್ಲಿ ವಿಲ್ಟ್ ಚೇಂಬರ್ಲೇನ್ ಒಬ್ಬನೇ 100 ಪಾಯಿಂಟ್ ಹಾಕಿದ್ದು, ಇನ್ನೊಂದು 2016ರ ಫೈನಲ್ಸ್ ಏಳನೇ ಆಟ, ಕ್ಲೀವ್‌ಲ್ಯಾಂಡ್ 93, ಗೋಲ್ಡನ್ ಸ್ಟೇಟ್ 89.

ಪಾಯಿಂಟಿಗೆ ಅಂಕ, ಅಸಿಸ್ಟಿಗೆ ನೆರವು, ಬ್ಲಾಕಿಗೆ ತಡೆ ಅಂತ ಹಾಕಿದೀನಿ. ರೀಬೌಂಡ್, ಸ್ಟೀಲ್, ಟರ್ನೋವರ್, ಟ್ರಿಪಲ್ ಡಬಲ್, ಪ್ಲಸ್-ಮೈನಸ್ ಇಷ್ಟಕ್ಕೆ ಪದ ಬೇಕು. ಟರ್ನೋವರ್ ಅಂದ್ರೆ ಚೆಂಡು ಎದುರಾಳಿ ಪಾಲಾಗೋದು, ಮಷೀನಿಗೆ ಹಾಕಿದ್ರೆ ಟರ್ನೋವರ್‌ಗೆ "ವಹಿವಾಟು" ಅಂತ ಬಂತು, ಕ್ಲೀವ್‌ಲ್ಯಾಂಡಿನ ಲೆಬ್ರಾನ್ ಜೇಮ್ಸ್ ಕೋರ್ಟಲ್ಲಿ ಅಂಗಡಿ ಇಟ್ಟಂಗಾಯ್ತು. ಕಾಲಂ ಅಗಲ ಕಮ್ಮಿ, ಐದಾರು ಅಕ್ಷರ ಮೀರಂಗಿಲ್ಲ.

– ಬೆಂಗಳೂರು

*

ರೀಬೌಂಡ್ ಅಂದರೆ ಪುಟಿತ. ಇದರಲ್ಲಿ ಚರ್ಚೆಗೇನಿದೆ? ಸ್ಟೀಲ್ ಅಂದರೆ ಕಸಿತ. ಮೊದಲು ಆಟದ ಹೆಸರನ್ನೇ ಸರಿಮಾಡಿ, ಬುಟ್ಟಿಚೆಂಡು. 1891ರಲ್ಲಿ ಈ ಆಟ ಹುಟ್ಟಿಸಿದ ನೈಸ್ಮಿತ್ ಬಾಲ್ಕನಿಗೆ ಹೊಡೆದದ್ದು ಪೀಚ್ ಹಣ್ಣಿನ ಬುಟ್ಟಿಯನ್ನೇ, ಚೆಂಡು ಒಳಗೇ ಕೂತುಬಿಡುತ್ತಿತ್ತು, ಹತ್ತಿ ತೆಗೀಬೇಕಿತ್ತು. ದಾಂಡಿಗ, ಎಸೆತ ಎಲ್ಲ ಹುಟ್ಟಿಸಿದ ನುಡಿಗೆ ಇದು ಕಷ್ಟವಾ? ಸೋಮಾರಿತನ ಅಷ್ಟೇ.

– ಮೈಸೂರು

*

> ಬುಟ್ಟಿಚೆಂಡು

ನಮ್ಮ ಕಡೆ ಅದು ಕುಕ್ಕೆ. ಇನ್ನು ಕೆಲವು ಕಡೆ ಪುಟ್ಟಿ ಅಂತಾರೆ. ಯಾವುದನ್ನ ಬಾಲ್ಕನಿಗೆ ಹೊಡೆಯೋಣ ಹೇಳಿ.

ಇನ್ನು ಪುಟಿತ. ಹಳಗನ್ನಡದ ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪುಟಿ ಮಾತ್ರ ಯಾಕೆ ಹುಟಿ ಆಗ್ಲಿಲ್ಲ? ಹೊರಗಿಂದ ಬಂದಿದ್ದಕ್ಕೇ ಪಕಾರ ಉಳ್ಕೊಂಡಿರ್ಬೇಕು ಅಂತ ನನ್ನ ಅನುಮಾನ. ಹಾಗಿದ್ರೆ ಸಾಲದ ಪದ ತೆಗೆದು ಇನ್ನೊಂದು ಸಾಲದ ಪದ ಹಾಕ್ದಂಗಾಯ್ತು.

– ಶಿರಸಿ

*

ಪಡೆ? ಪುಟ್ಟ? ಪಾಡು? ಇವೆಲ್ಲ ಹೊರಗಿಂದ ಬಂದವಾ? ತಿಳಿಯದಿದ್ದರೆ ಸುಮ್ಮನಿರುವುದು ಲೇಸು.

– ಮೈಸೂರು

*

ನಾ ಹದಿನೈದು ವರ್ಷ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸೀನ್ರಿ, ಒಂದೆರಡು ಮಾತು ಹೇಳ್ತೀನಿ, ಆಮ್ಯಾಲೆ ಪಕಾರ ಹಕಾರ ನೀವು ನೋಡ್ಕೋರಿ.

ಪುಟಿದಿದ್ದನ್ನ ಯಾರೂ ಎಣಸಂಗಿಲ್ರಿ. ಹಾಕಿದ್ದು ತಪ್ಪಿ, ರಿಂಗಿಗೋ ಬೋರ್ಡಿಗೋ ಬಡದು ಬಂದ ಚೆಂಡನ್ನ ಹಿಡದವನ ಹೆಸರಿಗೆ ಲೆಕ್ಕ. ಅವತ್ತ ವಿಲ್ಟ್ 25 ಹಿಡದ, 2016ರಾಗ ಲೆಬ್ರಾನ್ 11, ಅವನ ಟೀಮಿನ ಕೆವಿನ್ ಲವ್ 14. ಪದದಾಗ "ಹಿಡಿ" ಇರಬೇಕು, "ಪುಟಿ" ಅಲ್ಲ. ಕೋರ್ಟಿನ್ಯಾಗ ನಮ್ಮ ಹುಡುಗರು ಒದರೋದೂ "ರೀಬೌಂಡ್ ಹಿಡೀಲೇ" ಅಂತನ.

ಬ್ಲಾಕಿಗೆ ತಡೆ ಅಂದೀರಿ. 89-89 ಸಮ ಆಗೇತಿ, 1 ನಿಮಿಷ 50 ಸೆಕೆಂಡ್ ಉಳದೈತಿ, ಗೋಲ್ಡನ್ ಸ್ಟೇಟಿನ ಇಗುಡಾಲಾ ಲೇ-ಅಪ್ (ರಿಂಗಿನ ಹತ್ರನ ಹಾರಿ ಚೆಂಡು ಹಾಕೋದು) ಹಾಕಾಕ ಎದ್ದಾನ, ಹಿಂದಿಂದ ಲೆಬ್ರಾನ್ ಹಾರಿ ಬಂದು ಚೆಂಡನ್ನ ಬೋರ್ಡಿಗೆ ಬಡದ ನೋಡ್ರಿ, ಅದು ತಡೆ ಏನ್ರಿ? ತಡೆ ಅಂದ್ರ ಮುಂದ ನಿಂತು ಕೈ ಅಡ್ಡ ಹಿಡಿಯೋದು, ಅದನ್ನ ಎಲ್ಲಾರೂ ಮಾಡ್ತಾರ, ಅದಕ್ಕ ಲೆಕ್ಕ ಇಲ್ಲ. ಬ್ಲಾಕ್ ಅಂತನ ಬಿಡ್ರಿ.

ಕಸಿತಾನೂ ಬ್ಯಾಡ, ಕಸಿ ಅಂದ್ರ ಮಾವಿನ ಗಿಡ ನೆನಪಾಗತೈತಿ. ಟರ್ನೋವರ್‌ಗೆ "ಕೈತಪ್ಪು" ನಡೀತೈತಿ, ಪಾಸ್ ತಪ್ಪಿದ್ರೂ ಸೈ, ಚೆಂಡು ಜಾರಿದ್ರೂ ಸೈ.

– ಧಾರವಾಡ

*

> ಅದಕ್ಕ ಲೆಕ್ಕ ಇಲ್ಲ

ಸಾರ್, ಥ್ಯಾಂಕ್ಸ್, ಕೈತಪ್ಪು ತಗೊಂಡೆ. ಆದ್ರೆ ಈ "ಲೆಕ್ಕ ಇಲ್ಲ" ಅನ್ನೋದೇ ನನಗೆ ಇನ್ನೊಂದು ತಲೆನೋವು. ಎನ್‌ಬಿಎನಲ್ಲಿ ಬ್ಲಾಕ್, ಸ್ಟೀಲ್ ಎಣಿಸಕ್ಕೆ ಶುರು ಮಾಡಿದ್ದೇ 1973-74ರಿಂದ, ಟರ್ನೋವರ್, ಪ್ಲಸ್-ಮೈನಸ್ ಇನ್ನೂ ಆಮೇಲೆ, ಹಾಗಾಗಿ ವಿಲ್ಟ್ ಸಾಲಲ್ಲಿ ಆ ನಾಲ್ಕು ಖಾನೆ ಖಾಲಿ. ಸೊನ್ನೆ ಹಾಕಿದ್ರೆ ತಪ್ಪು, ಅಷ್ಟೆತ್ತರದವನು ಒಂದೂ ಬ್ಲಾಕ್ ಮಾಡಿಲ್ಲ ಅಂದ್ರೆ ಮಕ್ಕಳೂ ನಗ್ತವೆ. "ಲೆಕ್ಕವಿಲ್ಲ" ಅಂತ ಹಾಕಿದೆ, ನನ್ನ ಮಗಳು ಓದಿ "ಅಮ್ಮಾ ಅಷ್ಟೊಂದಾ!" ಅಂದ್ಲು. ಲೆಕ್ಕವಿಲ್ಲದಷ್ಟು ಅಂತ ಓದ್ಕೊಂಡಿದಾಳೆ. ಈಗ ಏನು ಮಾಡ್ಲಿ?

– ಬೆಂಗಳೂರು

*

"ಎಣಿಸಿಲ್ಲ" ಅಂತ ಹಾಕಿ. ನಾಲ್ಕಕ್ಷರ.

ಟ್ರಿಪಲ್ ಡಬಲ್‌ಗೆ "ಮುಮ್ಮಡಿ ಇಮ್ಮಡಿ" ಅಂತ ಮಾತ್ರ ಯಾರೂ ಹೇಳ್ಬೇಡಿ ಪ್ಲೀಸ್, ಕೃಷ್ಣರಾಜ ಒಡೆಯರ್ ಪಕ್ಕ ಪುಲಕೇಶಿ ಬಂದು ನಿಂತ್ಕೋತಾನೆ. ಇಲ್ಲಿ ಡಬಲ್ ಅಂದ್ರೆ ಎರಡು ಪಟ್ಟು ಅಲ್ಲ, ಎರಡಂಕಿ. ಲೆಬ್ರಾನ್ ಅವತ್ತು 27 ಪಾಯಿಂಟ್, 11 ರೀಬೌಂಡ್, 11 ಅಸಿಸ್ಟ್, ಮೂರು ಲೆಕ್ಕವೂ ಎರಡಂಕಿ ಮುಟ್ಟಿದೆ. "ಮೂರೆರಡಂಕಿ". ಅಂದಹಾಗೆ ಅಂಕಿ ಬೇರೆ ಅಂಕ ಬೇರೆ, ಪ್ರೂಫ್ ನೋಡೋವಾಗ ಹುಷಾರು.

– ಶಿರಸಿ

*

ಪ್ಲಸ್-ಮೈನಸ್‌ಗೆ ಯಾರೂ ಕೈ ಹಾಕಿಲ್ಲ, ನಾನು ಹಾಕ್ತೀನಿ. ಆಟಗಾರ ಕೋರ್ಟಲ್ಲಿದ್ದಷ್ಟು ಹೊತ್ತು ಅವನ ಟೀಂ ಎಷ್ಟು ಮುಂದೆ ಹೋಯ್ತು, ಎಷ್ಟು ಹಿಂದೆ ಬಿತ್ತು ಅನ್ನೋ ಲೆಕ್ಕ ತಾನೆ. ಅವತ್ತು ಕೆವಿನ್ ಲವ್ ಹಾಕಿದ್ದು 9 ಪಾಯಿಂಟ್ ಮಾತ್ರ, ಆದ್ರೆ ಅವನಿದ್ದಾಗ ಟೀಂ 19 ಮುಂದೆ. ತಾನು ಹೆಚ್ಚು ಹೊಡೆದಿಲ್ಲ, ಕಾಲಿಟ್ಟಾಗ ಮನೆ ತುಂಬಿದೆ. ಇದಕ್ಕೆ ನಮ್ಮಜ್ಜಿ ಹತ್ರ ಪದ ಇತ್ತು: ಕಾಲ್ಗುಣ.

– ತುಮಕೂರು

*

ವಾಹ್!

– ಧಾರವಾಡ

*

ಇದು ತಮಾಷೆ ಅಲ್ಲ. ಸೊಸೆ ಬಂದ್ಮೇಲೆ ಹಸು ಸತ್ರೂ ಕಾಲ್ಗುಣ, ಮಾವ ಬಿದ್ರೂ ಕಾಲ್ಗುಣ ಅಂತ ಹಂಗಿಸಿದ ಪದ ಅದು. ಮಕ್ಕಳ ಪತ್ರಿಕೆಗೆ ಬೇಡ.

– ಶಿವಮೊಗ್ಗ

*

ಅದಕ್ಕೇ ಸರಿ ಹೊಂದತ್ತೆ ಅಲ್ವಾ ಮೇಡಂ. ಪ್ಲಸ್-ಮೈನಸ್ಸೂ ಹಾಗೇ, ತಪ್ಪು ಮಾಡೋನು ಪಕ್ಕದವನು, ಮೈನಸ್ ಬೀಳೋದು ಇವನ ಹೆಸರಿಗೆ.

– ತುಮಕೂರು

*

ಕಾಲ್ಗುಣದ ಗುಣ ಸಂಸ್ಕೃತ. ಕೂಡು-ಕಳೆ ಎಂದು ಬರೆಯಿರಿ. ಬುಟ್ಟಿಚೆಂಡಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

– ಮೈಸೂರು

*

ಪುಟ ಹೋಯ್ತು. ಕೊನೆಗೆ ಹಾಕಿದ್ದು: ಅಂಕ, ರೀಬೌಂಡ್, ನೆರವು, ಬ್ಲಾಕ್, ಸ್ಟೀಲ್, ಕೈತಪ್ಪು, ಕೂಡು-ಕಳೆ. ವಿಲ್ಟ್‌ಗೆ "ಎಣಿಸಿಲ್ಲ". ಮೂರೆರಡಂಕಿ ಶೀರ್ಷಿಕೆಗೇ ಹೋಯ್ತು, ಸಂಪಾದಕರಿಗೆ ಬಹಳ ಹಿಡಿಸ್ತು. ಕಾಲ್ಗುಣ ಹಾಕಿ, ತೆಗೆದು, ಮತ್ತೆ ಹಾಕಿ, ಶಿವಮೊಗ್ಗದ ಮೇಡಂ ಮೇಲ್ ಇನ್ನೊಂದ್ಸಲ ಓದಿ ತೆಗೆದೆ. ಹೊಟ್ಟೆ ಉರೀತಿದೆ, ಆದ್ರೂ ತೆಗೆದೆ. ಎಲ್ರಿಗೂ ಥ್ಯಾಂಕ್ಸ್.

– ಬೆಂಗಳೂರು

*

> ರೀಬೌಂಡ್

ಅಂದರೆ ಇಷ್ಟೆಲ್ಲ ಬರೆದದ್ದು ದಂಡ. ಪುಟಿ ಬಗ್ಗೆ ಪ್ರತ್ಯೇಕ ಮೇಲ್ ಹಾಕುತ್ತೇನೆ, ಶಿರಸಿಯವರು ಓದಬೇಕು.

– ಮೈಸೂರು